ಅಳತೆ ತಪ್ಪಿದ ಅಂಗಿ

ಧೋತ್ರ ಯಾರ ಅಳತೆಯನ್ನೂ ಕೇಳುವುದಿಲ್ಲ. ಉಟ್ಟವರು ಕೃಶರಾಗಿರಲಿ, ಸ್ಥೂಲರಾಗಿರಲಿ, ನಿರಿಗೆ ಹಿಡಿದು ಸಿಕ್ಕಿಸಿದರೆ ಎಲ್ಲರಿಗೂ ಒಪ್ಪುತ್ತದೆ. ಬಾಲ್ಯದಲ್ಲಿ ಮಠದ ಪಾಠಶಾಲೆಗೆ ಸೇರಿದಂದಿನಿಂದ ಧೋತ್ರ, ಜುಬ್ಬಾಗಳಲ್ಲೇ ಅರವತ್ತು ದಾಟಿದ ನಮಗೆ, ದೇಹ ಎಷ್ಟು ಬೆಳೆದಿದೆಯೆಂದು ನೋಡಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಆ ಅಜ್ಞಾನಕ್ಕೆ ತೆತ್ತ ದಂಡವನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆನಿಸಿದೆ.

ನಮ್ಮ ವಾಸ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮೇಗರವಳ್ಳಿಯಲ್ಲಿ. ಕಳೆದ ವರ್ಷ ಮಾಘ ಮಾಸದಲ್ಲಿ ವೈದ್ಯರು ನಮ್ಮ ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದನ್ನು ಕಂಡು, ದಿನವೂ ಅರ್ಧ ಗಂಟೆಯ ನಡಿಗೆಯನ್ನೂ ಒಂದಿಷ್ಟು ಯೋಗಾಸನಗಳನ್ನೂ ವಿಧಿಸಿದರು. ಅದಕ್ಕೆ ತಕ್ಕ ಉಡುಪು ಕಳುಹಿಸುವೆನೆಂದು ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ ಅಳತೆ ಕೇಳಿದ. ಯೌವನದಲ್ಲಿ ದರ್ಜಿ ಬರೆದುಕೊಂಡಿದ್ದ 'ಎದೆ 38' ಎಂಬುದನ್ನೇ ಹೇಳಿದೆವು. ಯುಗಾದಿಯ ಹೊತ್ತಿಗೆ ಟೀ ಷರ್ಟು, ಟ್ರ್ಯಾಕ್ ಪ್ಯಾಂಟುಗಳು ಬಂದವು.

ಕೈ ಮೇಲೆತ್ತಿದರೆ ಅಂಗಿ ಹೊಟ್ಟೆಯ ಮೇಲೇರುತ್ತಿತ್ತು; ಬಾಗಿದರೆ ಬೆನ್ನು ಬಯಲಾಗುತ್ತಿತ್ತು; ಎಲಾಸ್ಟಿಕ್ಕು ಸೊಂಟದ ಸುತ್ತ ಕೆಂಪು ಬರೆ ಮೂಡಿಸುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬಿಗಿದ ಬಟ್ಟೆ ಎದೆಯ ಮೇಲಿನ ಕರಡಿಗೆಯನ್ನು ಎಲುಬಿಗೆ ಒತ್ತುತ್ತಿತ್ತು. ಮೂರನೆಯ ದಿನ, ಅರ್ಧ ಗಂಟೆಯ ಮಟ್ಟಿಗೆ ತೆಗೆದಿಡೋಣವೇ ಎಂದು ಕೈ ಶಿವದಾರದವರೆಗೆ ಹೋಯಿತು. ದೀಕ್ಷೆಯಾದಂದಿನಿಂದ ಅಂಗವನ್ನು ಅಗಲದ ಲಿಂಗ! ಕೈ ನಡುಗಿತು. ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕಿದೆವು. ವ್ಯಾಯಾಮವನ್ನೂ ಅವುಗಳೊಡನೆಯೇ ಮಡಿಚಿಟ್ಟೆವು. ಲಿಂಗನಿಷ್ಠೆಗಾಗಿ ಬಿಟ್ಟೆವೆಂದು ಮನೆಯಲ್ಲಿ ಹೇಳಿದೆವು. ವೈದ್ಯರು ಕೇಳಿದಾಗ ಮಾತ್ರ, ನಡೆಯುತ್ತಿದ್ದೇವೆ ಎಂದೆವು. ಸಕ್ಕರೆ ಏರುತ್ತಲೇ ಹೋಯಿತು.

ದಸರೆಯ ರಜೆಗೆ ಬಂದ ಹತ್ತು ವರ್ಷದ ಮೊಮ್ಮಗಳು ಶಾಲೆಯಲ್ಲಿ ಯೋಗ ಕಲಿಯುವವಳು. ಪೆಟ್ಟಿಗೆಯಲ್ಲಿದ್ದ ಬಟ್ಟೆ ಕಂಡು, ಹೊಲಿಗೆ ಯಂತ್ರದ ಬಳಿಯಿಂದ ಟೇಪು ತಂದಳು. "ಅಜ್ಜ, ಹೊಟ್ಟೆ ಒಳಗೆ ಎಳ್ಕೋಬೇಡಿ, ಉಸಿರು ಬಿಡಿ" ಎಂದಳು. ಎದೆ 42 ಅಂಗುಲ, ಹೊಕ್ಕುಳ ಮಟ್ಟದಲ್ಲಿ 41! ಸಭೆಗಳಲ್ಲಿ ಸತ್ಯವನ್ನು ಕುರಿತು ಉಪನ್ಯಾಸ ಮಾಡುತ್ತ ಬಂದ ನಾವು ಆ ಮಗುವಿನ ಮುಂದೆ ತಲೆ ತಗ್ಗಿಸಿದೆವು. ಕರಡಿಗೆ ಅಡ್ಡಿಯಾಗಿರಲಿಲ್ಲ, ಯೌವನದ ಅಳತೆಯನ್ನು ಬಿಡಲೊಲ್ಲದ ಅಹಂಕಾರ ಅಡ್ಡಿಯಾಗಿತ್ತು. ನಮ್ಮ ಆಲಸ್ಯಕ್ಕೆ ಲಿಂಗವನ್ನು ನೆಪ ಮಾಡಿಕೊಂಡಿದ್ದೆವು.

ಆ ಟೇಪು ಇನ್ನೊಂದನ್ನೂ ತಿಳಿಸಿತು. ಭಾರತೀಯ ಪುರುಷರಲ್ಲಿ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಭಯ ಹೆಚ್ಚೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮದು 104.

ಬಟ್ಟೆಯ ಮೇಲಿನ ಎಂ, ಎಲ್, ಎಕ್ಸ್‌ಎಲ್ ಅಕ್ಷರಗಳನ್ನು ಮಾತ್ರ ನಂಬಬಾರದು. ಒಬ್ಬ ತಯಾರಕನ ಎಲ್ ಇನ್ನೊಬ್ಬನಲ್ಲಿ ಎಂ ಆಗಿರಬಹುದು. ನಮ್ಮವರ ಮೈಕಟ್ಟಿಗೆ ಒಪ್ಪುವ ಅಳತೆಪಟ್ಟಿ ಬೇಕೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು, ಬೆಂಗಳೂರೂ ಸೇರಿದಂತೆ 6 ನಗರಗಳಲ್ಲಿ 25 ಸಾವಿರ ಜನರನ್ನು ಅಳೆಯುವ ಯೋಜನೆಯನ್ನು 2018ರಲ್ಲಿ ಪ್ರಕಟಿಸಿತು. ನಾವಾದರೋ ಮನೆಯಲ್ಲೇ ಅಳೆದುಕೊಂಡು, ಆಯಾ ತಯಾರಕರು ಕೊಡುವ ಪಟ್ಟಿಯೊಡನೆ ಹೋಲಿಸಬೇಕು. ಎದೆಯನ್ನು ಕಂಕುಳ ಕೆಳಗೆ ಅತಿ ಅಗಲವಾದಲ್ಲಿಯೂ, ನಿತಂಬವನ್ನು ಅತಿ ದಪ್ಪವಾದಲ್ಲಿಯೂ, ಕಾಲನ್ನು ತೊಡೆಸಂದಿನಿಂದ ಹರಡಿನವರೆಗೂ ಅಳೆಯಬೇಕು. ಲಿಂಗಧಾರಿಗಳು ಕರಡಿಗೆಯನ್ನು ಸೇರಿಸಿಯೇ ಎದೆಯ ಸುತ್ತಳತೆ ತೆಗೆದುಕೊಳ್ಳಲಿ.

ತೊಟ್ಟ ಮೇಲೆ ಕನ್ನಡಿಯ ಮುಂದೆ ನಿಂತರಷ್ಟೇ ಸಾಲದು. ಕೈ ಎತ್ತಿ, ಬಾಗಿ, ಕುಕ್ಕರುಗಾಲಿನಲ್ಲಿ ಕುಳಿತು, ನಾಲ್ಕು ಹೆಜ್ಜೆ ಬಿರುಸಾಗಿ ನಡೆದು ನೋಡಬೇಕು. ಎಲ್ಲಿಯೂ ಹಿಡಿಯಬಾರದು, ಎಲ್ಲಿಯೂ ಜಾರಬಾರದು. ಮಕ್ಕಳಿಗೆ 'ಮುಂದಿನ ವರ್ಷಕ್ಕೂ ಆಗಲಿ' ಎಂದು ಎರಡು ಅಳತೆ ದೊಡ್ಡದು ತರುವುದೂ ತಪ್ಪೇ. ನಮ್ಮ ಮೊಮ್ಮಗಳ ಅಂಗಿ ಸರ್ವಾಂಗಾಸನದಲ್ಲಿ ಮುಖದ ಮೇಲೆ ಜಾರಿಬೀಳುತ್ತಿತ್ತು. ನಾಚಿ ಅವಳು ಆ ಆಸನವನ್ನೇ ಬಿಟ್ಟಿದ್ದಳು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರ ಯೋಗಪರಂಪರೆಯಲ್ಲಿ ತೊಡೆಯ ಬಳಿ ಎಲಾಸ್ಟಿಕ್ಕಿರುವ ಗಿಡ್ಡ ಚಡ್ಡಿ ರೂಢಿಯಲ್ಲಿದೆ. ತಲೆಕೆಳಗಾದರೂ ಅದು ಜಾರುವುದಿಲ್ಲ. ಶಿಷ್ಯನ ಮೊಣಕಾಲು ನೆಟ್ಟಗಿದೆಯೇ ಎಂಬುದು ಗುರುವಿಗೆ ಕಾಣುತ್ತದೆ.

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ನೆರೆಯವರಾದ ನಮಗೆ ಮತ್ತೊಂದು ಎಚ್ಚರವೂ ಬೇಕು. ಹತ್ತಿಯ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದುಂಟು. ಆದ್ದರಿಂದ ತುಸು ಸಡಿಲವಾದುದನ್ನೇ ಕೊಳ್ಳಬೇಕು. ಒಣಗಲೆಂದು ಬಚ್ಚಲೊಲೆಯ ಮೇಲೆ ಹರವಿದರೆ ಕಾವಿಗೆ ಎಲಾಸ್ಟಿಕ್ಕು ಸತ್ತು, ಸರಿಯಾದ ಅಳತೆಯೂ ತಪ್ಪಿದ ಅಳತೆಯಾಗುತ್ತದೆ.

ಮಗ ಹೊಸ ಅಳತೆಯ ಬಟ್ಟೆ ಕಳುಹಿಸಿದ. ಈಗ ಕರಡಿಗೆ ತನ್ನ ಸ್ಥಾನದಲ್ಲಿ ಸುಖವಾಗಿದೆ. ನಾವೂ ದಿನವೂ ಬೆಳಗಿನ ಪೂಜೆ ಮುಗಿಸಿ ರಸ್ತೆಗಿಳಿಯುತ್ತೇವೆ. ವೈದ್ಯರ ಬಳಿಗೆ ಹೋಗಿ, ಅಂದು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆವು. ಅವರು ನಕ್ಕು, "ಈಗ ನಡೀತಿದ್ದೀರಲ್ಲ, ಅಷ್ಟು ಸಾಕು ಬಿಡಿ" ಎಂದರು. ಹೊಟ್ಟೆ ಇಂದು 39ಕ್ಕೆ ಇಳಿದಿದೆ. ಬಂಧುಗಳೇ, ಬಟ್ಟೆ ಕೊಳ್ಳುವ ಮುನ್ನ ಒಮ್ಮೆ ಉಸಿರು ಬಿಟ್ಟು, ಇಂದಿನ ದೇಹವನ್ನು ಇಂದಿನಂತೆಯೇ ಅಳೆದುಕೊಳ್ಳಿ.