ಅಳಿಸಿಹೋಗದ 11 ನಿಮಿಷ

ರೆಕಾರ್ಡರಿನ ಪರದೆ ‘ಡಿಲೀಟ್ ಆಯಿತು’ ಎಂದಿತ್ತು. ರಾತ್ರಿ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಹದಿನಾಲ್ಕನೆಯ ಫೈಲ್ ತನ್ನ ಜಾಗದಲ್ಲೇ ಕೂತಿತ್ತು. ಅಳಿಸಿದೆ, ಮಾಯವಾಯಿತು. ಕಾರ್ಡ್ ತೆಗೆದು ಮತ್ತೆ ಹಾಕಿದೆ, ಮತ್ತೆ ಬಂತು.

ಕ್ಷೇತ್ರಕಾರ್ಯ ಮಾಡುವವರಿಗೆ ಕಾರ್ಡ್ ಕೆಡುವುದು ಹೊಸದಲ್ಲ. ಆದರೆ ನಾವು ಹೆದರುವುದು ಇದ್ದದ್ದು ಹೋದೀತೆಂದು. ಇಲ್ಲಿ ಹೋಗಬೇಕಾದದ್ದೇ ಹೋಗುತ್ತಿರಲಿಲ್ಲ.

ಬೀಸುವ ಪದಗಳನ್ನು ಹಾಡಿಸಿಕೊಳ್ಳಲು ಬಯಲುಸೀಮೆಯ ಒಂದು ಊರಿಗೆ ಹೋಗಿದ್ದೆ. ಹದಿನಾಲ್ಕನೆಯ ಪದಕ್ಕೆಂದು ಗುಂಡಿ ಒತ್ತಿದಾಗ ಪದ ಬರಲಿಲ್ಲ, ಮಾತು ಬಂತು. 11 ನಿಮಿಷ. ಏನೆಂದು ಬರೆಯುವಂತಿಲ್ಲ, ಬರೆದರೆ ಅಳಿಸಿ ಏನು ಬಂತು? ಸಂಜೆ ಹೊರಡುವಾಗ ಅಜ್ಜಿ ಕೈ ಹಿಡಿದುಕೊಂಡರು. “ಆ ಮನೀ ಮಾತೊಂದು ಅಳಿಸಿಬಿಡವ್ವಾ. ಪದ ಅಷ್ಟ ಇರ್ಲಿ.” ಅವರ ಎದುರಿಗೇ ಅಳಿಸಿದ್ದೆ. ಅವರು ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರದಲ್ಲೂ ‘ಕೇಳಿದಾಗ ಅಳಿಸಲಾಗುವುದು’ ಎಂಬ ಸಾಲಿದೆ.

ಮೊದಲು ನೋಡಿದ್ದು ಅಡಾಪ್ಟರಿನ ಪಕ್ಕದ ಲಾಕ್. ಲಾಕ್ ಎಂಬುದು ದೊಡ್ಡ ಮಾತು, ಅದೊಂದು ಪ್ಲಾಸ್ಟಿಕ್ ಚೂರು. ಅದು ಮೇಲಿದೆಯೋ ಕೆಳಗಿದೆಯೋ ಎಂದು ನೋಡುವುದು ಕಾರ್ಡ್ ರೀಡರ್. ಕಾರ್ಡಿಗೆ ಅದರ ಗೊಡವೆಯೇ ಇಲ್ಲ. ಲಾಕ್ ತೆರೆದೇ ಇತ್ತು. ಆಮೇಲೆ ಕಸದಬುಟ್ಟಿ. ಮ್ಯಾಕ್, ಲಿನಕ್ಸ್‌ಗಳಲ್ಲಿ ಅಳಿಸಿದ ಫೈಲ್ ಅನೇಕ ಸಲ ಕಾರ್ಡಿನಲ್ಲೇ ಇರುವ, ಕಣ್ಣಿಗೆ ಬೀಳದ ಫೋಲ್ಡರಿಗೆ ಹೋಗಿ ಕೂರುತ್ತದೆ. ಬುಟ್ಟಿ ಖಾಲಿ ಮಾಡುವ ತನಕ ಜಾಗ ಬಿಡುವುದಿಲ್ಲ. ನನ್ನದು ಹಾಗೂ ಅಲ್ಲ. ವಿಂಡೋಸಿನ ಡಿಸ್ಕ್‌ಪಾರ್ಟ್‌ನಲ್ಲಿ ರೀಡ್-ಓನ್ಲಿ ಗುರುತು ತೆಗೆಸಿದೆ. ಕೊನೆಗೆ, ಆ ಒಂದನ್ನು ಬಿಟ್ಟು ಉಳಿದ ಪದಗಳನ್ನು ಎರಡು ಕಡೆ ನಕಲು ಮಾಡಿಕೊಂಡು, ಇಡೀ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿದೆ. ಮುಗಿಯಿತು ಎಂದಿತು. ಕಿತ್ತು ಹಾಕಿದರೆ 23 ಫೈಲೂ ಹಾಜರ್.

ಒಂದು ಸಣ್ಣ ಟೆಕ್ಸ್ಟ್ ಫೈಲನ್ನು ಅದರೊಳಗೆ ಹಾಕಿ, ಕಾರ್ಡ್ ಕಿತ್ತು, ಮತ್ತೆ ನೋಡಿದಾಗ ರೋಗ ಗೊತ್ತಾಯಿತು. ಆ ಹೊಸ ಫೈಲೂ ಇರಲಿಲ್ಲ. ಕಾರ್ಡಿನ ಮಟ್ಟಿಗೆ ಅಳಿಸುವುದೂ ಒಂದು ಬರವಣಿಗೆಯೇ. ಅದು ಬರೆಯುವುದನ್ನೇ ಬಿಟ್ಟಿತ್ತು. ಫ್ಲ್ಯಾಶ್ ಮೆಮೊರಿಯ ಕೋಶಗಳು ಅಳಿಸಿ ಬರೆದಂತೆಲ್ಲ ಸವೆಯುತ್ತವೆ. ಬದಲಿಗೆಂದು ಇಟ್ಟ ಮೀಸಲು ಜಾಗವೂ ತೀರಿದಾಗ ಕೆಲವು ಕಾರ್ಡುಗಳು, ಇದ್ದದ್ದನ್ನಾದರೂ ಓದಿಕೊಳ್ಳಲಿ ಎಂದು, ಬರೆಯುವ ಬಾಗಿಲು ಮುಚ್ಚಿಬಿಡುತ್ತವೆ. ಒಳ್ಳೆಯ ಏರ್ಪಾಡೇ. ಆದರೆ ಎಲ್ಲವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಏನೂ ಮಾಡದೆ ಕೂರುತ್ತವೆ. ಕಂಪ್ಯೂಟರೋ ತನ್ನ ನೆನಪಿನಲ್ಲಿರುವ ಪಟ್ಟಿಯನ್ನು ತೋರಿಸುತ್ತಿರುತ್ತದೆ. ಕಿತ್ತು ಹಾಕಿದಾಗಲೇ ಗುಟ್ಟು ರಟ್ಟು.

ಕಾರ್ಡ್ ಗಟ್ಟಿಯಾಗಿದ್ದಿದ್ದರೂ ನನ್ನ ಮಾತು ಪೂರ್ತಿ ನಡೆಯುತ್ತಿರಲಿಲ್ಲ ಎಂಬುದು ಈ ಗುದ್ದಾಟದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು. ಫ್ಯಾಟ್-32ರಲ್ಲಿ ಫೈಲ್ ಅಳಿಸಿದರೆ ಪಟ್ಟಿಯಲ್ಲಿರುವ ಹೆಸರಿನ ಮೊದಲ ಅಕ್ಷರದ ಮೇಲೊಂದು ಗುರುತು ಬಿದ್ದು, ಆ ಜಾಗ ಖಾಲಿಯೆಂದು ದಾಖಲಾಗುತ್ತದೆ, ಅಷ್ಟೆ. ಮೇಲೆ ಬೇರೇನಾದರೂ ಬೀಳುವ ತನಕ ಧ್ವನಿ ಅಲ್ಲೇ ಇರುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಎಷ್ಟೋ ಜನ ಕಳೆದುಕೊಂಡ ಮದುವೆ ಫೋಟೊಗಳನ್ನು ಎಬ್ಬಿಸಿಕೊಂಡಿದ್ದಾರೆ. ಫೋಟೊ ಎಬ್ಬಿಸುವುದು ಅಜ್ಜಿಯ ಮಾತನ್ನೂ ಎಬ್ಬಿಸಬಲ್ಲದು.

ಅಂಗಡಿಯವನು ಉದಾರಿ. “ವಾರಂಟಿ ಇದೆ ಮೇಡಂ, ಹಳೇದು ಕೊಡಿ, ಕಂಪನಿಗೆ ಕಳಿಸಿ ಹೊಸದು ತರಿಸ್ತೀನಿ” ಎಂದ. ಕೊಟ್ಟರೆ ಆ 11 ನಿಮಿಷವನ್ನೂ ಕೊಟ್ಟಂತೆ. ಬೇಡವೆಂದೆ. ದುಡ್ಡು ಕೊಟ್ಟು ಹೊಸದು ಕೊಳ್ಳುವವಳನ್ನು ಅವನು ವಿಚಿತ್ರವಾಗಿ ನೋಡಿದ.

ಹಾಸ್ಟೆಲ್ಲಿನ ಎಲೆಕ್ಟ್ರಿಷಿಯನ್ ಅಣ್ಣನಿಂದ ಕಟಿಂಗ್ ಪ್ಲೇಯರ್ ಇಸಕೊಂಡು ಬಂದೆ. ಅಡಾಪ್ಟರ್ ಬರೀ ಅಂಗಿ. ತುಂಡರಿಸಬೇಕಾದದ್ದು ಒಳಗಿರುವ ಉಗುರಗಲದ ಮೈಕ್ರೋ ಎಸ್‌ಡಿ. ಅಂಚು ಕತ್ತರಿಸಿದರೆ ಸಾಲದು, ಚಿಪ್ಪೇ ಸೀಳುವಂತೆ ನಡುಮಧ್ಯೆ ಕತ್ತರಿಸಬೇಕು. ನಾಲ್ಕು ತುಂಡು ಮಾಡಿದೆ.

ಒಪ್ಪಿಗೆ ಪತ್ರದ ಸಾಲು ಮಾತ್ರ ಹಾಗೇ ಇದೆ. ‘ಅಳಿಸಲಾಗುವುದು’ ಎಂಬುದರ ಬದಲು ಏನು ಬರೆಯಲಿ ಎಂದು ಮಾರ್ಗದರ್ಶಕರನ್ನು ಕೇಳಿದ್ದೇನೆ. ಮೊದಲು ಹೊಸ ಕಾರ್ಡಿನ ಬಿಲ್ ಕೊಡು ಎಂದಿದ್ದಾರೆ.