ಐದು ಸಾವಿರಕ್ಕೆ ದೊಡ್ಡಮ್ಮ

ಹಡಗಿನ ರೂಮಿಗೆ ತಲೆ ಲೆಕ್ಕದಲ್ಲಿ ದುಡ್ಡು ಯಾಕೆ ಅಂತ ಅಮ್ಮನಿಗೆ ಅರ್ಥ ಮಾಡಿಸೋಕೆ ನನಗೆ ಎರಡು ಭಾನುವಾರ ಬೇಕಾಯ್ತು. ನಿಜ ಹೇಳಬೇಕಂದ್ರೆ, ಮೊದಲನೇ ಭಾನುವಾರ ನನಗೇ ಅರ್ಥ ಆಗಿರಲಿಲ್ಲ.

ನಮ್ಮದು ಚಿಕ್ಕನಾಯಕನಹಳ್ಳಿ ತಾಲೂಕು. ಮನೆ ಸುತ್ತ ತೆಂಗು, ಮನೆ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಕರಾವಳಿಯ ತೆಂಗು ಸಮುದ್ರ ನೋಡ್ಕೊಂಡು ಬೆಳೆಯುತ್ತೆ, ನಮ್ಮದು ಬೋರ್‌ವೆಲ್ ನೋಡ್ಕೊಂಡು. ಆದರೆ ಈ ಒಣ ಹವೆಗೇ ಕಾಯಿ ಅಟ್ಟದಲ್ಲಿ ಹೆಚ್ಚುಕಮ್ಮಿ ವರ್ಷ ಕೂತು, ಒಳಗೇ ಒಣಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನೋ ಉಂಡೆ ಕೊಬ್ಬರಿ ಆಗೋದು. ತಿಪಟೂರು ಮಾರ್ಕೆಟ್‌ಗೆ ಹೆಸರು ಬಂದಿದ್ದೂ ಅದರಿಂದಲೇ. ಅಮ್ಮನ ಎಲ್ಲ ಲೆಕ್ಕವೂ ಕ್ವಿಂಟಲ್ ಕೊಬ್ಬರಿಯಲ್ಲಿ. ನನ್ನ ಕಾಲೇಜು ಫೀಸು ಇಷ್ಟು ಕ್ವಿಂಟಲ್, ಅಪ್ಪನ ಆಸ್ಪತ್ರೆ ಖರ್ಚು ಇಷ್ಟು ಕ್ವಿಂಟಲ್.

ಅಪ್ಪ ಹೋದ ಮೇಲೆ ಅಮ್ಮ ಎಲ್ಲಿಗೂ ಹೊರಟಿರಲಿಲ್ಲ. ಅವರು ನೋಡಿದ ದೊಡ್ಡ ನೀರು ಅಂದ್ರೆ ಬೋರನಕಣಿವೆ. "ಸಮುದ್ರ ಒಂದ್ಸಲ ನೋಡ್ಬೇಕಿತ್ತು ಕಣೇ" ಅಂತ ಯಾವಾಗಲೋ ಅಂದಿದ್ದು ನನ್ನ ತಲೆಯಲ್ಲಿ ಕೂತಿತ್ತು. ಬೀಚ್‌ಗೆ ಕರ್ಕೊಂಡು ಹೋದ್ರೆ ಮರಳಲ್ಲಿ ನಡೆಯೋಕೆ ಅವರ ಮಂಡಿ ಕೇಳಲ್ಲ. ಹಡಗಾದ್ರೆ ಲಿಫ್ಟ್ ಇರುತ್ತೆ, ಊಟ ಅಲ್ಲೇ, ಸಮುದ್ರ ಸುತ್ತಲೂ. ಮುಂಬೈನಿಂದ ಕೋರ್ಡೆಲಿಯಾ ಹಡಗು 2021ರಿಂದ ಓಡಾಡ್ತಿದೆ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಲ್ಲಿ ಓಡಾಟ ಶುರು ಮಾಡಿದ ಹಡಗು ಅದು, ಈಗ ನಮ್ಮ ಕಡೆ ಪ್ರಯಾಣಿಕರನ್ನ ಹೊತ್ತು ತಿರುಗ್ತಿದೆ. ಹೀಗಾಗಿ ಹಡಗು ಹತ್ತೋಕೆ ಪಾಸ್‌ಪೋರ್ಟ್ ಮಾಡಿಸಿ ಸಿಂಗಾಪುರಕ್ಕೇ ಹೋಗ್ಬೇಕು ಅಂತಿಲ್ಲ. ನಾನು, ನಮ್ಮನೆಯವರು, ಏಳು ವರ್ಷದ ಮಗಳು, ಅಮ್ಮ. ನಾಲ್ಕು ಜನ. ಫೋನ್ ತೆಗೆದೆ.

ಜಾಹೀರಾತಲ್ಲಿ ಕಾಣೋ ದರ ಒಬ್ಬರದ್ದು. ಅದೂ "ಇಬ್ಬರು ಒಂದೇ ಕ್ಯಾಬಿನ್‌ನಲ್ಲಿದ್ದರೆ" ಅನ್ನೋ ಷರತ್ತಿನ ಮೇಲೆ. ಈ ಸಾಲು ಸಣ್ಣ ಅಕ್ಷರದಲ್ಲಿರುತ್ತೆ, ಇಡೀ ಲೆಕ್ಕ ನಿಂತಿರೋದು ಮಾತ್ರ ಇದರ ಮೇಲೇ. ಲಾಡ್ಜ್‌ನಲ್ಲಿ ರೂಮಿಗೆ ಬಾಡಿಗೆ. ಇಬ್ಬರಿದ್ರೂ ಅಷ್ಟೇ, ಒಬ್ಬರಿದ್ರೂ ಅಷ್ಟೇ, ಹೆಚ್ಚಂದ್ರೆ ಒಂದು ಹಾಸಿಗೆಗೆ ಇನ್ನೂರು ಮುನ್ನೂರು. ಹಡಗಿನಲ್ಲೂ ಒಳಗೊಳಗೆ ರೂಮಿಗೇ ಬಾಡಿಗೆ, ಅದನ್ನ ಎರಡು ಹೋಳು ಮಾಡಿ ತಲೆಗೆ ಇಷ್ಟು ಅಂತ ತೋರಿಸ್ತಾರೆ. ಮೊದಲ ಇಬ್ಬರು ಪೂರ್ತಿ ಕೊಡ್ಬೇಕು. ಮೂರನೆಯವರು, ನಾಲ್ಕನೆಯವರು ಗೋಡೆಯಿಂದ ಮಡಚಿ ಇಳಿಸೋ ಮೇಲಿನ ಬರ್ತ್‌ನಲ್ಲೋ ಸೋಫಾದಲ್ಲೋ ಮಲಗ್ತಾರೆ, ಅವರಿಗೆ ದರ ಕಡಿಮೆ. ಒಬ್ಬರೇ ಇದ್ರೆ ಎರಡೂ ಹೋಳು ಅವರ ತಲೆ ಮೇಲೆ.

ಇದರ ಹಿಂದಿನ ಕಾರಣ ಓದಿದಾಗ ಸಿಟ್ಟು ಸ್ವಲ್ಪ ಇಳೀತು. ಹಡಗಿನವರು ಬರೀ ಟಿಕೆಟ್‌ನಲ್ಲಿ ಬದುಕೋದಿಲ್ಲ. ಬಾರು, ಸ್ಪಾ, ಕ್ಯಾಸಿನೋ, ಬಂದರಲ್ಲಿ ಇಳಿದಾಗಿನ ಟೂರು, ಎಲ್ಲ ಕಡೆ ಜನ ಖರ್ಚು ಮಾಡ್ಬೇಕು. ಖಾಲಿ ಹಾಸಿಗೆ ಏನೂ ಕೊಳ್ಳಲ್ಲ. ಹಾಗಾಗಿ ಮೂರನೆಯವರಿಗೆ ರಿಯಾಯಿತಿ ಕೊಟ್ಟಾದ್ರೂ ಕರೀತಾರೆ, ಒಂಟಿಯಾಗಿ ಬಂದವರ ಹತ್ರ ಆ ಖಾಲಿ ಹಾಸಿಗೆಯ ಬೆಲೆಯನ್ನೂ ಕೇಳ್ತಾರೆ.

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಹಡಗು ಎಷ್ಟು ಜನರನ್ನ ಹತ್ತಿಸ್ಕೊಳ್ಳಬಹುದು ಅನ್ನೋದು ಕ್ಯಾಬಿನ್ ಲೆಕ್ಕದಲ್ಲಿ ಮುಗಿಯಲ್ಲ, ಲೈಫ್‌ಬೋಟ್ ಲೆಕ್ಕ ಇದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯ್ತು. ಲೈಫ್‌ಬೋಟ್‌ಗೆ ಎಳೇ ಮಗುವೂ ಒಂದು ತಲೆ. ಎಲ್ಲ ಕ್ಯಾಬಿನ್‌ನಲ್ಲೂ ನಾಲ್ಕು ನಾಲ್ಕು ಜನ ತುಂಬಿದ್ರೆ ಆ ಮಿತಿ ಮೀರಬಹುದು, ಅದಕ್ಕೇ ಕೆಲವು ಸಲ ಕ್ಯಾಬಿನ್ ಖಾಲಿ ಇದ್ರೂ ನಾಲ್ಕು ಜನಕ್ಕೆ ಅಂತ ಹುಡುಕಿದ್ರೆ ಸಿಗಲ್ಲ. ಕುಟುಂಬದವರು ಬೇಗ ಬುಕ್ ಮಾಡ್ಬೇಕು ಅನ್ನೋದು ಇದಕ್ಕೆ.

ಈಗ ನಮ್ಮ ಲೆಕ್ಕ. ದರ ದಿನಕ್ಕೊಂದು ಥರ ಬದಲಾಗುತ್ತೆ, ಸುಲಭಕ್ಕೆ ತಲೆಗೆ 30 ಸಾವಿರ ಅಂದ್ಕೊಳ್ಳಿ. ಮೂರನೇ, ನಾಲ್ಕನೆಯವರಿಗೆ ಅರ್ಧ, 15. ಬಂದರು ಶುಲ್ಕ, ಸೇವಾ ಶುಲ್ಕ ಅಂತ ಪ್ರತಿ ತಲೆಗೂ 5. ಇದರಲ್ಲಿ ರಿಯಾಯಿತಿ ಇರಲ್ಲ. "ಮಕ್ಕಳಿಗೆ ಉಚಿತ" ಅಂತ ದೊಡ್ಡದಾಗಿ ಬರೆದಿದ್ರೂ ಸಾಮಾನ್ಯವಾಗಿ ಈ ಶುಲ್ಕ ಕಟ್ಟಲೇಬೇಕು. ಜಿಎಸ್‌ಟಿ ಬೇರೆ, ಅದನ್ನ ಇಲ್ಲಿ ಬಿಡೋಣ.

ನಾಲ್ಕೂ ಜನ ಒಂದೇ ಕ್ಯಾಬಿನ್ ಅಂದ್ರೆ 1 ಲಕ್ಷ 10 ಸಾವಿರ. ಅಗ್ಗ. ಆದರೆ ಇಬ್ಬರು ಮೇಲಿನ ಬರ್ತ್ ಹತ್ತಬೇಕು. ಫೋಟೋ ತೋರಿಸಿದೆ. ಅಮ್ಮ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಅಟ್ಟದ ಮೇಲೆ ಕಾಯಿ ಹಾಕ್ತಾರೆ, ಜನಾನೂ ಹಾಕ್ತಾರಾ?" ಅಂದ್ರು. ಅಮ್ಮನಿಗೆ ಕೆಳಗಿನ ಹಾಸಿಗೆ ಕೊಟ್ಟು ನಾನೇ ಮೇಲೆ ಹತ್ತಬಹುದಿತ್ತು. ಆದರೆ ಅಳಿಯ ಇರೋ ಒಂದೇ ಸಣ್ಣ ಕೋಣೆಯಲ್ಲಿ ಮೂರು ರಾತ್ರಿ ಅಂದ್ರೆ ಅಮ್ಮ ಸೀರೆ ಸೆರಗು ಸರಿ ಮಾಡ್ಕೊಳ್ತಾ ನಿದ್ದೆನೇ ಮಾಡಲ್ಲ. ಅದು ನನಗೆ ಗೊತ್ತು.

ಎರಡು ಕ್ಯಾಬಿನ್, ಇಬ್ಬಿಬ್ಬರು ಅಂದ್ರೆ 1 ಲಕ್ಷ 40 ಸಾವಿರ. ಇಲ್ಲೊಂದು ವಿಷಯ ಗಮನಿಸಿ: ಅಜ್ಜಿ ಜೊತೆ ಮಗಳನ್ನ ಹಾಕಿದ್ರೆ ಅವಳು ಆ ಕ್ಯಾಬಿನ್‌ನ ಎರಡನೆಯವಳು, ಏಳು ವರ್ಷವಾದ್ರೂ ಪೂರ್ತಿ ದರ. ಹೆಚ್ಚಿನ ಕಡೆ ವಯಸ್ಸಿಗಿಂತ ಎಷ್ಟನೆಯವರು ಅನ್ನೋದೇ ಮುಖ್ಯ. ಅಲ್ಲದೆ ನನ್ನ ಮಗಳು ರಾತ್ರಿ ಎದ್ದು ನನ್ನನ್ನ ಹುಡುಕ್ತಾಳೆ.

ನಾವು ಮೂವರು ಒಂದರಲ್ಲಿ, ಅಮ್ಮ ಒಬ್ಬರೇ ಇನ್ನೊಂದರಲ್ಲಿ? ನಮ್ಮದು 75, ಅಮ್ಮನದು ಎರಡು ಹೋಳೂ ಸೇರಿ 60, ಶುಲ್ಕ 20. ಒಟ್ಟು 1 ಲಕ್ಷ 55 ಸಾವಿರ. ನಾಲ್ಕು ಜನಕ್ಕೆ ಇದೇ ದುಬಾರಿ.

ಇದನ್ನ ಜೋರಾಗಿ ಓದಬಾರದಿತ್ತು. ಅಮ್ಮ ಕೇಳಿಸ್ಕೊಂಡ್ರು. "ಒಂಟಿ ಆದವ್ರಿಗೆ ಅಲ್ಲೂ ಡಬಲ್ಲಾ?" ಅಂತ ನಕ್ಕರು. ಆಮೇಲೆ ಎದ್ದು ಹಸುವಿಗೆ ಹುಲ್ಲು ಹಾಕೋಕೆ ಹೋದ್ರು. ಸಂಜೆ ಕಾಫಿ ಕೊಡುವಾಗ, "ನೀವು ಮೂರು ಜನ ಹೋಗ್ಬನ್ನಿ. ನನಗೆ ಮಂಡಿ ನೋವು" ಅಂದ್ರು. ಮಂಡಿ ನೋವು ಬೆಳಿಗ್ಗೆ ಇರಲಿಲ್ಲ.

ಬೆಂಗಳೂರಿಗೆ ವಾಪಸ್ ಬರ್ತಾ ಕಾರಲ್ಲಿ ಮನಸ್ಸು ಕೆಟ್ಟಿತ್ತು. ತಿಪಟೂರು ದಾಟಿದ ಮೇಲೆ ನಮ್ಮನೆಯವರು ಸುಮ್ಮನೆ ಕೇಳಿದ್ರು, "ಆ ಖಾಲಿ ಹಾಸಿಗೆಗೂ ದುಡ್ಡು ಕೊಡ್ತಿದೀವಲ್ಲ. ಯಾರಾದ್ರೂ ಮಲಗಿದ್ರೆ ಎಷ್ಟು ಜಾಸ್ತಿ ಆಗುತ್ತೆ?"

ಐದು ಸಾವಿರ! ಶುಲ್ಕ ಮಾತ್ರ. 1 ಲಕ್ಷ 55 ಇದ್ದದ್ದು 1 ಲಕ್ಷ 60.

ಹುಳಿಯಾರಲ್ಲಿ ದೊಡ್ಡಮ್ಮ ಇದಾರೆ, ಅಮ್ಮನ ಅಕ್ಕ. ದೊಡ್ಡಪ್ಪ ಹೋಗಿ ಆರು ವರ್ಷ. ಮುಂದಿನ ಭಾನುವಾರ ನೇರ ಅಲ್ಲಿಗೇ ಹೋದ್ವಿ. ದೊಡ್ಡಮ್ಮ ಒಪ್ಪೋಕೆ ಐದು ನಿಮಿಷ ಸಾಕಾಯ್ತು, ಅಮ್ಮನನ್ನ ಒಪ್ಪಿಸಿದ್ದೂ ಅವರೇ. ಫೋನಲ್ಲಿ, "ಏಯ್, ಮಂಡಿ ನನಗೂ ನೋಯುತ್ತೆ. ಸುಮ್ನೆ ಹೊರಡು" ಅಂದ್ರು. ಅಮ್ಮ ಒಟ್ಟು ಎಷ್ಟು ಅಂತ ಕೇಳಿದ್ರು. 2025ರ ಬೆಂಬಲ ಬೆಲೆ ಕ್ವಿಂಟಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಹದಿಮೂರು ಕ್ವಿಂಟಲ್ ಮೇಲೆ ಸ್ವಲ್ಪ. "ನನ್ನ ಪಾಲು ಅಟ್ಟದಿಂದ ಇಳಿಸ್ತೀನಿ" ಅಂದ್ರು, ನಾನು ಬೇಡ ಅನ್ನಲಿಲ್ಲ. ಅಂದಿದ್ರೆ ಬರ್ತಿರಲಿಲ್ಲ.

ಹೊರಡೋಕೆ ಎರಡು ವಾರ ಇರುವಾಗ ದೊಡ್ಡಮ್ಮನಿಗೆ ಜ್ವರ ಬಂತು. ಆಗ ನನಗೂ ಜ್ವರ ಬಂದ ಹಾಗಾಯ್ತು. ಇಬ್ಬರಲ್ಲಿ ಒಬ್ಬರು ಬಿಟ್ಟರೆ ಉಳಿದವರು ಮತ್ತೆ ಒಂಟಿ ಲೆಕ್ಕಕ್ಕೆ ಬೀಳೋದು ಮಾಮೂಲಿ, ಕೊನೇ ಗಳಿಗೆಯಲ್ಲಿ ರದ್ದಾದ ದುಡ್ಡೂ ಪೂರ್ತಿ ಬರಲ್ಲ. ಹೀಗೆ ಜೋಡಿ ಮಾಡಿ ಬುಕ್ ಮಾಡುವವರು ರದ್ದತಿ ನಿಯಮ ಮೊದಲೇ ಓದ್ಕೊಳ್ಳಿ. ನಾನು ಆಮೇಲೆ ಓದಿದೆ. ದೊಡ್ಡಮ್ಮ ಮೂರು ದಿನಕ್ಕೆ ಎದ್ದು ಕೂತ್ರು.

ನಾವು ಹೋಗಿದ್ದು ದಸರಾ ರಜೆಯಲ್ಲಿ. ನಮ್ಮ ಶಾಲೆಗಳಿಗೆ ಆಗ ರಜೆ, ಮಹಾರಾಷ್ಟ್ರದ ಮಕ್ಕಳಿಗೆ ದೊಡ್ಡ ರಜೆ ದೀಪಾವಳಿಗೆ. ವಾರದ ಮಧ್ಯೆ ಹೊರಡೋ ಹಡಗು ನೋಡ್ಕೊಂಡ್ವಿ, ದರ ಎದ್ದು ಕಾಣೋ ಹಾಗೆ ಕಡಿಮೆ ಇತ್ತು. ನಮ್ಮ ಮೂವರದು ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್. ಅವರಿಬ್ಬರಿಗೆ ಸಮುದ್ರ ಕಾಣೋ ಕಿಟಕಿ. ಆ ವ್ಯತ್ಯಾಸದ ದುಡ್ಡು ಎಷ್ಟು ಅಂತ ಅಮ್ಮನಿಗೆ ಹೇಳಿಲ್ಲ. ಇದನ್ನ ಅವರು ಓದಲ್ಲ, ದೊಡ್ಡಮ್ಮನ ಮೊಮ್ಮಗ ಓದಿ ಹೇಳದೇ ಇದ್ರೆ ಸಾಕು.

ಹಡಗು ಬಂದರು ಬಿಟ್ಟು ಮುಂಬೈ ದೀಪಗಳು ಸಣ್ಣದಾಗೋ ತನಕ ಇಬ್ಬರೂ ಡೆಕ್ ಮೇಲೆ ಕಂಬಿ ಹಿಡ್ಕೊಂಡು ನಿಂತಿದ್ರು, ಮಾತಿಲ್ಲ. ಆಮೇಲೆ ಅಮ್ಮ ಅಂದಿದ್ದು ಒಂದೇ: "ಇಷ್ಟು ನೀರು ಇಟ್ಕೊಂಡು ಒಂದು ಕೊಡ ಕುಡಿಯೋಕಾಗಲ್ಲ ನೋಡಕ್ಕ."

ಮಧ್ಯರಾತ್ರಿ ಒಂದು ಗಂಟೆಗೆ, ಹೊಸ ಜಾಗ ಅಲ್ವಾ ಅಂತ, ಅವರ ಕ್ಯಾಬಿನ್ ಹತ್ರ ಹೋದೆ. ಬಾಗಿಲಾಚೆ ಮಾತು ಕೇಳ್ತಿತ್ತು. ದೊಡ್ಡಮ್ಮನ ಮದುವೆ ಆದ ಮೇಲೆ ಅಕ್ಕ ತಂಗಿ ಇಬ್ಬರೇ ಒಂದು ಕೋಣೆಯಲ್ಲಿ ಮಲಗಿದ್ದು ಇದೇ ಮೊದಲಂತೆ, ನಲವತ್ತೆರಡು ವರ್ಷಕ್ಕೆ. ತಟ್ಟದೆ ವಾಪಸ್ ಬಂದೆ.

ಮೊನ್ನೆ ಊರಿಗೆ ಹೋದಾಗ ಅಮ್ಮ ಕೊಬ್ಬರಿ ಸುಲೀತಾ ಕೇಳಿದ್ರು, "ಮೂರನೆಯವ್ರಿಗೆ ಅರ್ಧ ಅಲ್ವೇನೇ? ಇನ್ನೊಂದ್ಸಲ ಹೋದ್ರೆ ಚಿಕ್ಕಮ್ಮನ್ನೂ ಕರ್ಕೊಂಡ್ರೆ ಎಷ್ಟಾಗುತ್ತೆ?"

"ಮೂರನೆಯವ್ರು ಅಟ್ಟ ಹತ್ತಬೇಕಮ್ಮ" ಅಂದೆ.

"ಅವಳು ಚಿಕ್ಕೋಳು, ಹತ್ತುತಾಳೆ." ಚಿಕ್ಕಮ್ಮನಿಗೆ ಐವತ್ತೆಂಟು.