ಲೋಕಾಪುರದಲ್ಲಿ ಒಡೆಯುವ ದಾರಿ

ಬನಹಟ್ಟಿಯಿಂದ ಹೊರಟ ಬಸ್ಸು ಮಹಾಲಿಂಗಪುರ, ಮುಧೋಳ ದಾಟಿ ಲೋಕಾಪುರಕ್ಕೆ ಬಂತಂದ್ರೆ ದಾರಿ ಒಡೆಯುತ್ತದೆ. ಎಡಕ್ಕೆ ಬಾಗಲಕೋಟೆ, ಆ ಕಡೆ ಬಿಟ್ಟರೆ ಹುಬ್ಬಳ್ಳಿ. 2013ರ ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ನಾನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ.

ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದ್ದು. ಹುಬ್ಬಳ್ಳಿಯ ಬಿವಿಬಿ 1947ರದ್ದು, ಈಗದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಆಗ ಎರಡೂ ವಿಟಿಯು ಅಡಿಯಲ್ಲೇ ಇದ್ವು. ಓದಿನ ಲೆಕ್ಕದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಾಗಲಕೋಟೆಗೆ ಹೋದ್ರೆ ಜಮಖಂಡಿ, ಬೀಳಗಿಯ ಪರಿಚಯದ ಹುಡುಗರೇ ಸಿಗ್ತಿದ್ರು. ಹುಬ್ಬಳ್ಳಿಯಲ್ಲಿ ಯಾರೂ ಇಲ್ಲ.

ಮಗ್ಗ ನಿಲ್ಲಿಸಿ ಅಪ್ಪ ಅಂದ್ರು: “ಪಾಠ ಎರಡೂ ಕಡೆ ಹೇಳ್ತಾರ. ಹೊಸಾ ಮಂದಿ ಎಲ್ಲಿ ಸಿಗ್ತಾರ, ಅಲ್ಲಿಗೆ ಹೋಗಪಾ.”

ಹುಬ್ಬಳ್ಳಿಗೆ ಹೋದೆ. ಮೊದಲ ವರ್ಷ ಪ್ರತಿ ಶನಿವಾರ ರೂಮ್‌ಮೇಟ್‌ಗಳು ಸಿನಿಮಾಕ್ಕೆ, ನಾನು ಊರಿನ ಬಸ್ಸಿಗೆ. ಇಂಗ್ಲಿಷ್ ಮಾತಾಡೋ ಭಯ. ಎರಡನೇ ವರ್ಷ ಒಂದು ಶನಿವಾರ ಉಳಿದೆ, ಫೆಸ್ಟ್‌ನ ಪೋಸ್ಟರ್ ಅಂಟಿಸಿದೆ. ಇವತ್ತಿಗೂ ಕಷ್ಟ ಅಂದಾಗ ಫೋನ್ ಮಾಡೋದು ಅವತ್ತು ಗೋಂದು ಹಿಡಿದು ನಿಂತವನಿಗೇ.

ನಿಮ್ಮ ತಮ್ಮ, ತಂಗಿ ಈ ವರ್ಷ ಆಪ್ಷನ್ ಹಾಕ್ತಿದ್ರೆ ಪ್ಲೇಸ್‌ಮೆಂಟ್ ಪಟ್ಟಿ ನೋಡ್ಲಿ. ಜೊತೆಗೆ ಎರಡೂ ಕ್ಯಾಂಪಸ್‌ಗೆ ಒಂದೊಂದು ಶನಿವಾರ ಸಂಜೆ ಕರ್ಕೊಂಡು ಹೋಗಿ. ಕ್ಲಾಸ್ ಇಲ್ಲದಾಗ ಅಲ್ಲಿನ ಹುಡುಗರು ಹೇಗಿರ್ತಾರೆ ಅನ್ನೋದು ಯಾವ ಬ್ರೋಷರ್‌ನಲ್ಲೂ ಇರಲ್ಲ.